ಸೀಗಡಿ ಬಾನಿಯ ಮೇಲೆ ಪಾದಪೂಜೆ

ನಮ್ಮ ಮನೆಯಲ್ಲಿ ಸೀಗಡಿ ಎಂಬ ಪದವನ್ನು ಯಾರೂ ಉಚ್ಚರಿಸುತ್ತಿರಲಿಲ್ಲ. ಉಚ್ಚರಿಸುವ ಸಂದರ್ಭವೇ ಒದಗುತ್ತಿರಲಿಲ್ಲ. ತೆರಕಣಾಂಬಿಯ ನಮ್ಮ ಬೀದಿಯಲ್ಲಿ ಎಲ್ಲರೂ ಕೊರಳಲ್ಲಿ ಲಿಂಗ ಧರಿಸಿದವರು. ಚರಂಡಿಯಲ್ಲಿ ಒಂದು ಮೊಟ್ಟೆಯ ಸಿಪ್ಪೆ ತೇಲಿಬಂದರೂ ಅದು ಯಾವ ದಿಕ್ಕಿನಿಂದ ಬಂತೆಂದು ಸಂಜೆಯವರೆಗೆ ವಿಚಾರಣೆ ನಡೆಯುವ ಬೀದಿ ಅದು. ಅಂಥ ಬೀದಿಯಲ್ಲಿ, ನಮ್ಮ ಅಂಗಳದ ಕಲ್ಲುಬಾನಿಯಲ್ಲಿ, ನಾನು ಸೀಗಡಿಗಳನ್ನು ಸಾಕಿದೆ. ತಿನ್ನುವುದಕ್ಕಲ್ಲ, ನೋಡುವುದಕ್ಕೆ. ಈ ವ್ಯತ್ಯಾಸ ನನಗೆ ಬಹಳ ಸ್ಪಷ್ಟವಾಗಿತ್ತು. ಬೀದಿಗೂ ಅಷ್ಟೇ ಸ್ಪಷ್ಟವಾಗಿರುತ್ತದೆಂಬ ಭರವಸೆ ಮಾತ್ರ ಇರಲಿಲ್ಲ.

ಮನೆತನದಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಆದಕಾರಣ ಮಾತ್ರೆಯ ಪಟ್ಟಿಯ ಹಿಂದಿನ ಸಣ್ಣಕ್ಷರ, ಕರೆಂಟಿನ ಬಿಲ್ಲು, ಬೆಳೆಯ ವಿಮೆ, ಎಲ್ಲವೂ ನನ್ನ ವಿಭಾಗಕ್ಕೆ ಸೇರಿದವು. ಹೇಳಿದ್ದು ಸರಿಯಾದರೆ ಯಾರೂ ಏನೂ ಅನ್ನುವುದಿಲ್ಲ. ತಪ್ಪಿದರೆ ‘ಓದಿದವಳು’ ಎಂಬ ಪದವನ್ನು ಬೈಗುಳದ ರಾಗದಲ್ಲಿ ಹೇಳುತ್ತಾರೆ. ಹೀಗಾಗಿ ಬಾಯಿ ತೆರೆಯುವ ಮುನ್ನ ವಾಕ್ಯವನ್ನು ಮನಸ್ಸಿನಲ್ಲಿ ಒಮ್ಮೆ ತಿದ್ದಿಕೊಳ್ಳುವ ಅಭ್ಯಾಸ ನನಗೆ ಅಂಟಿಕೊಂಡಿದೆ.

ಚಾಮರಾಜನಗರದ ಒಂದು ಖಾಸಗಿ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಯೋಗಾಲಯದಲ್ಲಿ ನಾನು ಸಹಾಯಕಿ. ಬಾಟಲಿಗಳೊಳಗೆ ಬಿಳಿಚಿಕೊಂಡು ನಿಂತಿರುವ ಸತ್ತ ಜೀವಿಗಳ ಧೂಳು ಒರೆಸುವುದು ಕೆಲಸದ ಮುಖ್ಯ ಭಾಗ. ಒರೆಸಿ ಒರೆಸಿ, ಬದುಕಿರುವುದೇನನ್ನಾದರೂ ನೋಡಬೇಕೆನ್ನಿಸಿ ಒಂದು ಸಂಜೆ ಬಸ್ ನಿಲ್ದಾಣದ ಬಳಿಯ ಅಕ್ವೇರಿಯಂ ಅಂಗಡಿಗೆ ಹೋದೆ. ಅಲ್ಲಿದ್ದವು, ಹೆಬ್ಬೆರಳ ಉಗುರಿನಷ್ಟೇ ಉದ್ದದ, ಹಣ್ಣು ಮೆಣಸಿನಕಾಯಿಯ ಬಣ್ಣದ ಸಿಹಿನೀರಿನ ಸೀಗಡಿಗಳು. ಮುಂಗಾಲುಗಳಿಂದ ಗಾಜನ್ನು ಹೆಕ್ಕಿ ಹೆಕ್ಕಿ ಬಾಯಿಗಿಡುತ್ತ, ಕಡಲೆಕಾಯಿ ಬಿಡಿಸುವ ಹೆಂಗಸರಷ್ಟೇ ತನ್ಮಯವಾಗಿ ಕೂತಿದ್ದವು. ಕೆಲವು ವಾರಗಳ ಬಳಿಕ ಮತ್ತೆ ಹೋಗಿ, ಪಾಲಿಥಿನ್ ಕವರಿನಲ್ಲಿ ಕಟ್ಟಿಸಿಕೊಂಡು, ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಊರಿಗೆ ತಂದೆ.

ನಮ್ಮ ಅಂಗಳದಲ್ಲಿ ಹಸುಗಳಿಗೆ ಕಲಗಚ್ಚು ಸುರಿಯುತ್ತಿದ್ದ ಉದ್ದನೆಯ ಕಲ್ಲುಬಾನಿ ಇದೆ. ಹಸುಗಳನ್ನು ಮಾರಿದ ಮೇಲೆ ಅದು ಮಳೆನೀರು ತುಂಬಿಕೊಂಡು ಸುಮ್ಮನೆ ಬಿದ್ದಿತ್ತು. ಅದನ್ನು ತಿಕ್ಕಿ ತೊಳೆದು, ಬಾವಿಯ ನೀರು ತುಂಬಿ, ಕೆರೆಯಿಂದ ಪಾಚಿ ತಂದು ಹಾಕಿ, ಕಾಡುಬಾದಾಮಿಯ ಒಣಗಿದ ಎಲೆಗಳನ್ನು ತೇಲಿಬಿಟ್ಟು ಮೊದಲೇ ಹದ ಮಾಡಿದ್ದೆ. ಆದರೆ ಸೀಗಡಿಗಳನ್ನು ಹೊಸ ನೀರಿಗೆ ಒಮ್ಮೆಲೇ ಸುರಿಯಬಾರದು. ಅವಿರುವ ನೀರಿಗೆ ಬಾನಿಯ ನೀರನ್ನು ತೊಟ್ಟು ತೊಟ್ಟಾಗಿ ಸೇರಿಸುತ್ತ ಒಗ್ಗಿಸಬೇಕು. ಅದಕ್ಕೆಂದು ಔಷಧಿ ಅಂಗಡಿಯಿಂದ ಗ್ಲೂಕೋಸ್ ಏರಿಸುವ ನಳಿಕೆಯನ್ನು ತಂದು, ಒಂದು ತುದಿಯನ್ನು ಬಾನಿಯಲ್ಲಿ ಅದ್ದಿ, ಇನ್ನೊಂದನ್ನು ಸೀಗಡಿಗಳಿದ್ದ ಕೆಳಗಿನ ಪಾತ್ರೆಗೆ ಇಳಿಬಿಟ್ಟು ಕೂತಿದ್ದೆ. ಅಷ್ಟರಲ್ಲಿ ಅಜ್ಜಿ ಬಂದಳು.

“ಯಾನಮ್ಮಿ ಅದು? ಹುಳಗೋಳ್ಗ ಗ್ಲೂಕೋಸ್ ಹಾಕಿದ್ದಯ್?”

“ಹೊಸ ನೀರಿಗೆ ಹೊಂದಿಕೊಳ್ಳಲಿ ಅಂತ ಅಜ್ಜಿ. ಇವು ನೀರಿನಲ್ಲಿ ಬದುಕುವ ಜೀವಿಗಳು.”

“ಯಾನ ತಿಂದವು?”

“ಪಾಚಿ ತಿನ್ನುತ್ತವೆ. ಬೇಯಿಸಿದ ಸೊಪ್ಪು ಕೊಟ್ಟರೆ ಅದನ್ನೂ ತಿನ್ನುತ್ತವೆ.”

ಅಜ್ಜಿ ಬಗ್ಗಿ ನೋಡಿದಳು. ಮುಖದಲ್ಲಿ ಸಮಾಧಾನ ಮೂಡಿತು. “ಸೊಪ್ಪು ತಿಂದವಾ? ಅಂಗಾದ್ರ ನಮ್ಮವೇಯ ಬುಡು.”

ಅವು ಸತ್ತ ಜೊತೆಗಾರನನ್ನೂ ಬಿಡದೆ ಮೇಯುತ್ತವೆ ಎಂಬ ಪಠ್ಯಾಂಶವನ್ನು ಆ ಸಂಜೆ ನಾನು ಪ್ರಸ್ತಾಪಿಸಲಿಲ್ಲ.

ಅಂದಿನಿಂದ ಅಜ್ಜಿ ಸಾರಿಗೆ ಸೊಪ್ಪು ಬೇಯಿಸುವಾಗ ಉಪ್ಪು ಹಾಕುವ ಮುನ್ನ ಒಂದು ಎಲೆ ತೆಗೆದಿಡತೊಡಗಿದಳು. ಸೀಗಡಿಗಳು ಬೆಳೆಯುವಾಗ ಪೊರೆ ಬಿಡುತ್ತವೆ. ಕಾಲು, ಮೀಸೆಗಳ ಸಮೇತ ಇಡೀ ದೇಹದ ಗಾಜಿನಂಥ ಅಚ್ಚು ನೀರಿನಲ್ಲಿ ತೇಲುತ್ತದೆ. ಮೊದಲ ಬಾರಿ ಅದನ್ನು ಕಂಡ ಅಜ್ಜಿ, ಒಂದು ಹೋಯಿತೆಂದು ನಿಟ್ಟುಸಿರು ಬಿಟ್ಟು ಅದನ್ನು ದಾಸವಾಳದ ಬುಡದಲ್ಲಿ ಮಣ್ಣು ಮಾಡಿದ್ದಳು. ಆಮೇಲೆ ಒಂದು ಹೆಣ್ಣಿನ ಹೊಟ್ಟೆಯಡಿ ಗಸಗಸೆಯಂಥ ಮೊಟ್ಟೆಗಳ ಗೊಂಚಲು ಕಾಣಿಸಿತು. ಅದು ಕಿರುಗಾಲುಗಳಿಂದ ಮೊಟ್ಟೆಗಳಿಗೆ ಬಿಡದೆ ಗಾಳಿ ಬೀಸುತ್ತಿತ್ತು. “ಬಸುರಿ ಕಣಮ್ಮಿ” ಎಂದು ಅಜ್ಜಿ ಪಿಸುಗುಟ್ಟಿ, ಆ ದಿನ ಬಸುರಿಗೆ ಒಳ್ಳೆಯದೆಂದು ಹೊನಗೊನ್ನೆ ಸೊಪ್ಪನ್ನೇ ಬೇಯಿಸಿದಳು. ಕೆಲವು ವಾರಗಳಲ್ಲಿ ಪಾಚಿಯ ಎಳೆಗಳ ನಡುವೆ ಕಣ್ಣು ಕಿರಿದು ಮಾಡಿ ನೋಡಿದರೆ ಮಾತ್ರ ಕಾಣುವಂಥ ಮರಿಗಳು, ಮೀಸೆ ಸಮೇತ, ಮೇಯುತ್ತಿದ್ದವು. ಕೊಳವೆ ಇಲ್ಲ, ವಿದ್ಯುತ್ತಿಲ್ಲ, ಪಂಪಿಲ್ಲ. ಬಿಸಿಲೇರಿದರೂ ಕಲ್ಲು ನೀರನ್ನು ತಂಪಾಗಿಟ್ಟಿತು. ಸೀಗಡಿಮರಿಗಳನ್ನು ತಿನ್ನುವ ಹುಳುಗಳನ್ನು ಹಡೆಯುವ ಏರೋಪ್ಲೇನ್ ಚಿಟ್ಟೆ ಬಂದು ಮೊಟ್ಟೆಯಿಡದಂತೆ ಮೇಲೆ ಹಳೆಯ ಸೊಳ್ಳೆಪರದೆ ಕಟ್ಟಿದ್ದು ಬಿಟ್ಟರೆ ನಾನು ಮಾಡಿದ್ದು ಬಹಳವೇನಿಲ್ಲ.

ಪದವನ್ನು ಮೊದಲು ಉಚ್ಚರಿಸಿದವರು ಚಿಕ್ಕಪ್ಪ. ಅವರು ಊರಿನ ತರಕಾರಿಯನ್ನು ಗೂಡ್ಸ್ ಆಟೋದಲ್ಲಿ ಗುಂಡ್ಲುಪೇಟೆಗೆ ಸಾಗಿಸುತ್ತಾರೆ. ಕೊಳ್ಳುವವರು ಕೇರಳದ ವ್ಯಾಪಾರಿಗಳು. ಒಂದು ಮಧ್ಯಾಹ್ನ ಖಾಲಿ ಕ್ರೇಟುಗಳನ್ನು ಇಳಿಸಿ, ಕೈತೊಳೆಯಲು ಸೊಳ್ಳೆಪರದೆ ಸರಿಸಿ ಬಾನಿಗೆ ಬಗ್ಗಿದವರು ಹಾಗೆಯೇ ನಿಂತರು.

“ಇದ್ಯಾಕಮ್ಮಿ, ಸೀಗಡಿ ತಂದು ಬಾನಿಗ ಬುಟ್ಟಿದ್ದಯ್?”

ನಾನು ಸುತ್ತ ನೋಡಿದೆ. ಯಾರೂ ಇರಲಿಲ್ಲ. “ಇದು ಸೀಗಡಿ ಎಂದು ನಿಮಗೆ ಹೇಗೆ ತಿಳಿಯಿತು ಚಿಕ್ಕಪ್ಪ?”

ಚಿಕ್ಕಪ್ಪ ಕೈಯನ್ನು ಪಂಚೆಗೆ ಒರೆಸಿಕೊಂಡರು. “ಮಂಡಿಲಿ ಮಲಯಾಳದೋರು ಮಾತಾಡ್ಕತಿರ್ತರ.”

“ಮಾತು ಕೇಳಿದರೆ ಆಕಾರ ಗೊತ್ತಾಗುತ್ತದೆಯೆ?”

“ಆಕಾರ ಇರ್ಲಿ ಕಣಮ್ಮಿ, ನಂಗ ಆಶ್ಚರ್ಯ ಆಗಿದ್ದು ಬಣ್ಣ. ಹುರುದ್ಮೇಲಲ್ವ ಇವು ಇಷ್ಟು ಕೆಂಪಾಗದು? ಇವು ಹಸೀವೇ—”

ಅಲ್ಲಿಗೆ ಅವರ ಮಾತು ನಿಂತಿತು.

“ನೋಡಮ್ಮಿ,” ಎಂದರು ಚಿಕ್ಕಪ್ಪ, ದನಿ ತಗ್ಗಿಸಿ. “ನಿಂದು ನಾನು ನೋಡಿಲ್ಲ, ನಂದು ನೀನು ಕೇಳಿಲ್ಲ.”

“ನಾನು ಇವನ್ನು ತಿನ್ನುವುದಿಲ್ಲ. ಎರಡೂ ಒಂದೇ ಅಲ್ಲ.”

“ಪುಸ್ತಕದಂಗ ಮಾತಾಡ್ಬ್ಯಾಡ. ಅಜ್ಜಿ ಮುಂದ ಎರಡೂ ಒಂದೇಯ.”

ಅದು ನಿಜವಾಗಿದ್ದುದರಿಂದ ಒಪ್ಪಂದ ಜಾರಿಗೆ ಬಂತು.

ಆ ವರ್ಷದ ಶ್ರಾವಣಕ್ಕೆ ಮುಂಚೆ ಅಜ್ಜಿಯ ಜೀವಮಾನದ ಆಸೆಯೊಂದು ಕೈಗೂಡುವ ಸೂಚನೆ ಬಂತು. ಮಠದ ಸ್ವಾಮಿಗಳನ್ನು ಮನೆಗೆ ಬಿಜಯಮಾಡಿಸಿ ಪಾದಪೂಜೆ ಮಾಡಬೇಕೆಂಬುದು ಅವಳು ಸೊಸೆಯಾಗಿ ಬಂದಂದಿನಿಂದ ಹೊತ್ತ ಹರಕೆ. ನಮ್ಮ ಎದುರುಮನೆಯ ದೊಡ್ಡಮ್ಮನಿಗೆ ಆ ಭಾಗ್ಯ ಮೂರು ಬಾರಿ ಒದಗಿತ್ತು. ಆ ಮೂರನ್ನೂ ಆಕೆ ಅಜ್ಜಿಗೆ ಪ್ರತಿ ಹಬ್ಬದಲ್ಲೂ ವಿವರವಾಗಿ ಹೇಳುತ್ತಿದ್ದರು. ಈ ಬಾರಿ ಅಪ್ಪ ಮಠಕ್ಕೆ ಹೋಗಿ ಬಿನ್ನವಿಸಿಕೊಂಡಾಗ ಸ್ವಾಮಿಗಳು ಬರಲು ಒಪ್ಪಿದರು. ಅಜ್ಜಿ ಆ ರಾತ್ರಿ ಊಟ ಮಾಡಲಿಲ್ಲ. ಸಂತೋಷಕ್ಕೆ ಹೊಟ್ಟೆ ತುಂಬಿದೆ ಎಂದಳು.

ಸ್ವಾಮಿಗಳು ಬರುವ ಮನೆಯಲ್ಲಿ ಮೀನು ಮಾಂಸದ ಸುಳಿವೂ ಇರಬಾರದೆಂಬುದು ಯಾರೂ ಬಾಯಿಬಿಟ್ಟು ಹೇಳಬೇಕಾದ ನಿಯಮವಲ್ಲ. ‘ಆ ಮನೆಯಲ್ಲಿ ಸೀಗಡಿ ಸಾಕಿದ್ದಾರೆ’ ಎಂಬ ಮಾತು ಮಠ ತಲುಪಿದರೆ ಕಾರು ನಮ್ಮ ಬೀದಿಗೆ ತಿರುಗುವುದೇ ಇಲ್ಲ. ತಿರುಗಿದರೂ ಎದುರುಮನೆಯ ಮುಂದೆ ನಿಲ್ಲುತ್ತದೆ. ಅಜ್ಜಿ ಮತ್ತೊಂದು ಅವಕಾಶಕ್ಕಾಗಿ ಕಾಯುವ ವಯಸ್ಸಿನವಳಲ್ಲ. ಎದುರುಮನೆಯ ದೊಡ್ಡಮ್ಮ ಬೇರೆ, ದಿನಕ್ಕೊಮ್ಮೆ ಬಂದು ಸೊಳ್ಳೆಪರದೆಯ ಮೇಲಿನಿಂದ ಇಣುಕತೊಡಗಿದರು.

“ಬುದ್ಧಿಯೋರು ಬರೋ ಮನೇಲಿ ಕಂಡಕಂಡ ಜಂತು ಸಾಕ್ಬಾರ್ದು ಕಣಕ್ಕ.”

“ಜಂತಲ್ಲ ಕಣವ್ವ, ಸೊಪ್ಪು ತಿಂದವು” ಎಂದಳು ಅಜ್ಜಿ.

“ಸೊಪ್ಪು ತಿಂದ್ರ ಆಗೋಯ್ತಾ? ಕುರೀನೂ ಸೊಪ್ಪೇ ತಿಂದದು.”

ಅಜ್ಜಿ ಸೊಳ್ಳೆಪರದೆಯ ತುದಿಯನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿದಳು.

ಚಹಾ ಸೋಸುವ ಜಾಲರಿಯಿಂದ ದೊಡ್ಡ ಸೀಗಡಿಗಳನ್ನು ಹಿಡಿದು ಬಕೆಟ್ಟಿಗೆ ಹಾಕಿ ಬೇರೆಲ್ಲಾದರೂ ಸಾಗಿಸೋಣವೆಂದು ನೋಡಿದೆ. ಒಂದನ್ನು ಹಿಡಿದರೆ ಅದು ಬಾಲ ಮಡಚಿ ಹಿಂದಕ್ಕೆ ಚಿಮ್ಮುತ್ತಿತ್ತು, ಅದರೊಂದಿಗೆ ಹತ್ತು ಮಾಯವಾಗುತ್ತಿದ್ದವು. ಪಾಚಿಯೊಳಗಿನ ಮರಿಗಳ ಲೆಕ್ಕವೇ ಇಲ್ಲ. ಒಂದು ಉಳಿದರೂ ಸಾಕ್ಷ್ಯವೇ ತಾನೆ? ಚಿಕ್ಕಪ್ಪ ನನ್ನ ಒದ್ದಾಟವನ್ನು ಜಗಲಿಯಿಂದ ನೋಡುತ್ತಿದ್ದರು. “ಮುಚ್ಚುಬುಡದೇ ವಾಸಿ ಕಣಮ್ಮಿ. ಒಂದಿನ ಕತ್ತಲಲ್ಲಿ ಇದ್ರ ಸತ್ತೋಗಕಿಲ್ಲ. ಮ್ಯಾಲೊಂದು ಹಲಗೆ, ಹಲಗೆ ಮ್ಯಾಲ ಕಂಬಳಿ. ಯಾರು ಕೇಳರು?”

ಆ ಯೋಜನೆ ಶಾಸ್ತ್ರೀಯವಾಗಿಯೂ ಸರಿಯಾಗಿತ್ತು. ಅಟ್ಟದ ಮೇಲಿದ್ದ ಹಳೆಯ ಬಾಗಿಲೊಂದನ್ನು ಇಬ್ಬರೂ ಇಳಿಸಿ, ಸೊಳ್ಳೆಪರದೆ ಬಿಚ್ಚಿ ಬಾನಿಯ ಮೇಲೆ ಮಲಗಿಸಿ, ನಾನು ನಿಶ್ಚಿಂತೆಯಿಂದ ಕಾಲೇಜಿಗೆ ಹೋದೆ.

ಸಂಜೆ ಬಂದು ನೋಡಿದರೆ ಅಂಗಳದಲ್ಲಿ ತೆಂಗಿನಗರಿಯ ಚಪ್ಪರ ಎದ್ದಿತ್ತು. ನಡುವೆ, ಮಾವಿನ ತೋರಣದ ಕೆಳಗೆ, ಬಾಗಿಲಿನ ಮೇಲೆ ಕಂಬಳಿ, ಕಂಬಳಿಯ ಮೇಲೆ ನೆಲದವರೆಗೆ ಇಳಿಬಿದ್ದ ಬಿಳಿಯ ಮಡಿಬಟ್ಟೆ, ಅದರ ಮೇಲೆ ಮರದ ಪೀಠ. ಅಪ್ಪ ದೂರ ನಿಂತು, ತಲೆ ಓರೆ ಮಾಡಿ ನೋಡುತ್ತಿದ್ದರು.

“ನೋಡಮ್ಮಿ, ಹೆಂಗದ ಗದ್ದುಗೆ? ಎಲ್ರಿಗೂ ಕಾಣಂಗ ಎತ್ತರ ಬೇಕು ಅಂತ ನಾ ಒದ್ದಾಡ್ತಿದ್ದಿ, ನಿನ್ ಚಿಕ್ಕಪ್ಪ ಆಗ್ಲೇ ಬಾಗಿಲು ಹಾಕ್ಬುಟ್ಟಿದ್ದ. ಕಲ್ಲುಬಾನಿ, ಆನೆ ಬಂದು ಕೂತ್ರೂ ಅಲ್ಲಾಡಕಿಲ್ಲ.”

ನಾನು ಚಿಕ್ಕಪ್ಪನ ಕಡೆ ನೋಡಿದೆ. ಚಿಕ್ಕಪ್ಪ ಚಪ್ಪರದ ಗರಿಗಳನ್ನು ಎಣಿಸುವವರಂತೆ ಮೇಲೆ ನೋಡುತ್ತಿದ್ದರು. ಅಪ್ಪನಿಗೆ ಕಾರಣ ಹೇಳದೆ ಗದ್ದುಗೆಯನ್ನು ಕದಲಿಸುವಂತಿರಲಿಲ್ಲ. ಕಾರಣ ಹೇಳುವಂತೆಯೂ ಇರಲಿಲ್ಲ.

ಮಾರನೆಯ ಬೆಳಗ್ಗೆ ಸ್ವಾಮಿಗಳು ಬಂದರು. ಬೀದಿಯೇ ಚಪ್ಪರದಡಿ ನೆರೆದಿತ್ತು, ಎದುರುಮನೆಯ ದೊಡ್ಡಮ್ಮ ಮೊದಲ ಸಾಲಿನಲ್ಲೇ ಇದ್ದರು. ಸ್ವಾಗತದ ನಾಲ್ಕು ಮಾತು ನನ್ನ ಪಾಲಿಗೆ ಬಂದಿತ್ತು. ರಾತ್ರಿಯೆಲ್ಲ ತಿದ್ದಿದ ವಾಕ್ಯಗಳನ್ನು ಒಂದೂ ಅಲ್ಪಪ್ರಾಣ ಮಹಾಪ್ರಾಣ ತಪ್ಪದಂತೆ ಒಪ್ಪಿಸಿದೆ. ನಡುವೆ ‘ಆಸೀನರಾಗಿರುವ’ ಎಂದಾಗ ಕಣ್ಣು ತಾನಾಗಿ ಚಿಕ್ಕಪ್ಪನ ಕಡೆ ಹೊರಳಿತು. ಅವರು ಆಸೀನರಾಗಿರುವುದು ಸೀಗಡಿಗಳ ಮೇಲೆಂಬುದು ನನಗೆ ಮತ್ತು ಚಿಕ್ಕಪ್ಪನಿಗೆ ಮಾತ್ರ ಗೊತ್ತೆಂದು ನಾನು ಎಣಿಸಿದ್ದೆ.

ಗದ್ದುಗೆಯ ಮೇಲೇ, ಸ್ವಾಮಿಗಳ ಪಾದಗಳ ಕೆಳಗೆ, ಹಿತ್ತಾಳೆಯ ಹರಿವಾಣ ಇತ್ತು. ಅಜ್ಜಿ ಮೊದಲು ನೀರು ಎರೆದಳು, ಆಮೇಲೆ ವಿಭೂತಿ ಬೆರೆಸಿದ ನೀರು, ಆಮೇಲೆ ಹಾಲು. ಒಂದು ಜೀವಮಾನ ಕಾದವಳು ಅಳತೆ ನೋಡಿ ಎರೆಯುತ್ತಾಳೆಯೆ? ಚೆಂಬು ಮುಗಿದೊಡನೆ ಇನ್ನೊಂದು ಚೆಂಬು ಬೇಕೆಂದಳು. ಹರಿವಾಣ ತುಂಬಿತು. ಹಾಲು ಅಂಚು ದಾಟಿ ಮಡಿಬಟ್ಟೆಯ ಮೇಲೆ ಹರಿಯಿತು. ಹರಿದದ್ದು ನೆಲಕ್ಕೆ ಬೀಳಲಿಲ್ಲ. ಆ ಹಳೆಯ ಬಾಗಿಲಿಗೆ, ಕಂಬಳಿಯೂ ಮಡಿಬಟ್ಟೆಯೂ ಸರಿದಿದ್ದ ಮೂಲೆಯಲ್ಲಿ, ಚಿಲಕ ಕಿತ್ತ ಜಾಗದಲ್ಲಿ ಮುಷ್ಟಿ ಹೋಗುವಷ್ಟು ತೂತಿತ್ತು. ಹಾಲು ಅಲ್ಲಿ ಸುಳಿ ಸುತ್ತಿಕೊಂಡು, ಗುಳುಗುಳು ಸದ್ದು ಮಾಡುತ್ತ ಕೆಳಗಿಳಿಯುತ್ತಿತ್ತು. ನನಗೆ ಆ ಸದ್ದು ಮಾತ್ರ ಕೇಳಿಸುತ್ತಿತ್ತು, ಮಂತ್ರ ಕೇಳಿಸುತ್ತಿರಲಿಲ್ಲ. ಹಾಲು ಬಿದ್ದ ನೀರಿನಲ್ಲಿ ಸೀಗಡಿಗೆ ಉಸಿರು ಕಟ್ಟುತ್ತದೆ. ಉಸಿರು ಕಟ್ಟಿದ ಸೀಗಡಿ ಸುಮ್ಮನಿರುವುದಿಲ್ಲ, ಸಿಕ್ಕಿದ್ದನ್ನು ಹಿಡಿದು ಮೇಲೆ ಹತ್ತುತ್ತದೆ. ಸಿಕ್ಕಿದ್ದು, ತೂತಿನೊಳಗೆ ಇಳಿಬಿದ್ದು ನೆನೆದಿದ್ದ ಮಡಿಬಟ್ಟೆಯ ಅಂಚು.

ಅಜ್ಜಿ ಬಿಲ್ವಪತ್ರೆ ಏರಿಸಿದಳು. ಕೆಂಪು ದಾಸವಾಳದ ಎಸಳು ಏರಿಸಿದಳು. ಕೈಮುಗಿದಳು. ಸ್ವಾಮಿಗಳು ಹರಿವಾಣವನ್ನೇ ನೋಡುತ್ತಿದ್ದವರು ಸ್ವಲ್ಪ ಬಾಗಿದರು.

“ಏನಮ್ಮಾ, ಈ ಒಂದು ಎಸಳಿಗೆ ಕಾಲಿದೆಯಲ್ಲ?”

ಎಸಳು ಸ್ವಾಮಿಗಳ ಹೆಬ್ಬೆರಳ ಪಕ್ಕದಲ್ಲಿ ಮೀಸೆ ತಿರುವುತ್ತಿತ್ತು. ಅದರ ಹಿಂದೆ ಮಡಿಬಟ್ಟೆಯ ಮೇಲೆ ಇನ್ನೂ ಮೂರು ನಾಲ್ಕು ಬರುತ್ತಿದ್ದವು, ದರ್ಶನಕ್ಕೆ ಸಾಲು ನಿಂತವರ ಹಾಗೆ.

ಎದುರುಮನೆಯ ದೊಡ್ಡಮ್ಮ ತಟ್ಟನೆ ಎದ್ದು ನಿಂತರು. “ಅಯ್ಯಯ್ಯೋ ಶಿವನೆ, ಅದು—” ಎಂದವರ ಬಾಯಿ ತೆರೆದೇ ಇತ್ತು. ಅಜ್ಜಿ ನಿಧಾನವಾಗಿ ಹಿಂದಿರುಗಿ ನೋಡಿದಳು.

“ಯಾನ ಅದು? ಹೇಳವ್ವ, ಬುದ್ಧಿಯೋರೂ ಕೇಳ್ಲಿ. ನಿಂಗ ಗೊತ್ತಿದ್ದದಲ್ಲ.”

ಆಗ ನನಗೆ ಹೊಳೆಯಿತು. ಆ ಚಪ್ಪರದಡಿಯಲ್ಲಿ ಹೆಸರು ಹೇಳಿದವರು, ಹೆಸರು ಹೇಗೆ ಗೊತ್ತಾಯಿತೆಂಬುದನ್ನೂ ಹೇಳಬೇಕು. ದೊಡ್ಡಮ್ಮನಿಗೂ ಅದೇ ಕ್ಷಣದಲ್ಲಿ ಹೊಳೆದಿರಬೇಕು. ಅವರು ಸೆರಗು ಸರಿಮಾಡಿಕೊಂಡು ಕೂತರು. “ನಂಗ್ಯಾನ ಗೊತ್ತು ಕಣಕ್ಕ. ನಾ ಯಾನ ಕಂಡಿದ್ದನಾ?” ಹಿಂದಿನ ಸಾಲುಗಳಲ್ಲಿ ಗಂಡಸರು ಒಬ್ಬರ ಮುಖ ಒಬ್ಬರು ನೋಡದಂತೆ ಎಚ್ಚರ ವಹಿಸಿದ್ದರು. ಗುಂಡ್ಲುಪೇಟೆಗೆ ತರಕಾರಿ ಸಾಗಿಸುವವರ ಸಂಖ್ಯೆ ನಮ್ಮ ಬೀದಿಯಲ್ಲಿ ಕಡಿಮೆಯೇನಲ್ಲ. ಎಲ್ಲರ ಮುಖದಲ್ಲೂ ಆಗತಾನೆ ಹುಟ್ಟಿದ ಕೂಸಿನ ಮುಗ್ಧತೆ ಇತ್ತು.

“ಯಾರಿಗೂ ಗೊತ್ತಿಲ್ಲವೆ?” ಎಂದರು ಸ್ವಾಮಿಗಳು.

“ಇಲ್ಲ ಬುದ್ಧೀ!” ಎಂದಿತು ಇಡೀ ಚಪ್ಪರ, ಒಂದೇ ಕೊರಳಿನಲ್ಲಿ. ಎಲ್ಲರಿಗಿಂತ ದೊಡ್ಡ ದನಿ ಚಿಕ್ಕಪ್ಪನದು.

ಸ್ವಾಮಿಗಳು ಆ ಸಭೆಯನ್ನು ಒಮ್ಮೆ ಎಡದಿಂದ ಬಲಕ್ಕೆ ನೋಡಿದರು. ತುಟಿಯ ಒಂದು ಮೂಲೆ ಅಲುಗಿತು. “ಇದು ಸೀಗಡಿ. ನಾವು ಚಿಕ್ಕವರಿದ್ದಾಗ ನಮ್ಮೂರ ಕೆರೆಯಲ್ಲಿ ಬೇಕಾದಷ್ಟಿದ್ದವು, ಬಣ್ಣ ಮಾತ್ರ ಇಷ್ಟು ಚಂದ ಇರಲಿಲ್ಲ.”

“ಅಂಗಾ ಬುದ್ಧೀ!” ಎಂದು ಜನ ತಲೆದೂಗಿದರು, ಎಂದೂ ಕೇಳದ ವಿಷಯ ಕೇಳಿದವರಂತೆ.

“ನೀರಲ್ಲಿರುವುದು ಮೇಲೆ ಹತ್ತಿ ಬರುತ್ತಿದೆ ಅಂದರೆ ಕೆಳಗೆ ಏನೋ ಕಷ್ಟ ಇದೆ. ಇವು ಯಾರವು?”

ಅಜ್ಜಿ ಇನ್ನೊಂದು ಚೆಂಬು ಹಾಲನ್ನು ಕೈಯಲ್ಲಿ ಹಿಡಿದೇ ನಿಂತಿದ್ದಳು. ಅದೂ ಹರಿವಾಣದ ಕಡೆ ವಾಲುತ್ತಿತ್ತು. ನಾನು ಎದ್ದೆ. ವಾಕ್ಯವನ್ನು ತಿದ್ದಿಕೊಳ್ಳಲು ಪುರುಸೊತ್ತಿರಲಿಲ್ಲ.

“ಅಜ್ಜೀ, ಹಾಲ್ ಉಯ್ಬ್ಯಾಡ, ನಿಲ್ಸು! ನಂದೇಯ ಬುದ್ಧೀ, ಬಾನೀಲಿ ಸಾಕಿವ್ನಿ, ತಿನ್ನಾಕಲ್ಲ ಬುದ್ಧೀ, ನೋಡಾಕ! ಸತ್ತೋಯ್ತವ ಬುದ್ಧೀ, ಹಾಲು ತೂತಲ್ಲಿ ಇಳೀತಾ ಅದ!”

ರಾತ್ರಿಯೆಲ್ಲ ಕಟ್ಟಿದ ನಾಲ್ಕು ವಾಕ್ಯಗಳಿಗಿಂತ ಇದು ಸ್ಪಷ್ಟವಾಗಿ ತಲುಪಿತು. ಸ್ವಾಮಿಗಳು ಪಾದಗಳನ್ನು ಮೆಲ್ಲನೆ ಎತ್ತಿ, ಸೀಗಡಿಯನ್ನು ತುಳಿಯದಂತೆ ನೋಡಿಕೊಂಡು, ಕೆಳಗಿಳಿದರು. “ಬಾಗಿಲು ಎತ್ತಿ” ಎಂದರು. ಎತ್ತಿದರು. ನೀರು ಕಲಗಚ್ಚಿನ ಬಣ್ಣಕ್ಕೆ ತಿರುಗಿತ್ತು, ಅಂಚಿನುದ್ದಕ್ಕೂ ಕೆಂಪು ಜೀವಗಳು ಕಲ್ಲಿಗೆ ಕಚ್ಚಿಕೊಂಡಿದ್ದವು. ಸ್ವಾಮಿಗಳು ಮೊಣಕಾಲ ಮೇಲೆ ಕೈಯೂರಿ ಬಗ್ಗಿ ನೋಡಿದರು.

“ಮೊದಲು ಇವುಗಳ ನೀರು ಬದಲಾಗಲಿ. ನಾವು ಕಾಯುತ್ತೇವೆ.”

ಚಿಕ್ಕಪ್ಪ ಓಡಿಹೋಗಿ ಒಳಗಿನಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದರು. ಸ್ವಾಮಿಗಳು ಅದರಲ್ಲಿ ಕೂತರು. ಅಪ್ಪ ಕೊಡದಲ್ಲಿ ಹಾಲುನೀರು ಮೊಗೆದು ಸುರಿದರು. ನಮ್ಮ ಬಾವಿಯ ಮೋಟಾರಿಗೆ ಆ ಹೊತ್ತಿಗೆ ಕರೆಂಟಿರಲಿಲ್ಲ. ಅಜ್ಜಿ ಸುತ್ತ ನೋಡಿ ಮೊದಲ ಸಾಲಿಗೆ ಹೇಳಿದಳು: “ನಿಮ್ಮನೆ ತೊಟ್ಟಿಲಿ ಬಾವಿನೀರು ತುಂಬ್ಸಿದ್ದಯಲ್ಲ ಕಣವ್ವ, ತತ್ತಾ. ಬುದ್ಧಿಯೋರು ಕಾಯ್ತವ್ರ.” ದೊಡ್ಡಮ್ಮ ರೇಷ್ಮೆಸೀರೆಯ ಅಂಚು ಎತ್ತಿ ಸಿಕ್ಕಿಸಿಕೊಂಡು, ಬೀದಿ ದಾಟಿ, ಸೀಗಡಿಗಳಿಗೆ ನೀರು ಹೊತ್ತು ತಂದರು. ಒಂದು ಕೊಡವಲ್ಲ. ಪ್ರತಿ ಕೊಡಕ್ಕೂ ಸ್ವಾಮಿಗಳು ತಲೆಯಾಡಿಸಿ ಮೆಚ್ಚಿಗೆ ಸೂಚಿಸಿದ್ದರಿಂದ ನಡುವೆ ನಿಲ್ಲಿಸುವಂತೆಯೂ ಇರಲಿಲ್ಲ. ತೊಟ್ಟು ತೊಟ್ಟಾಗಿ ಒಗ್ಗಿಸುವ ಶಾಸ್ತ್ರವನ್ನು ಆ ದಿನ ಬದಿಗಿಡಬೇಕಾಯಿತು. ನಾನು ಚಹಾ ಜಾಲರಿ ಹಿಡಿದು, ಹರಿವಾಣದಿಂದ, ಮಡಿಬಟ್ಟೆಯಿಂದ, ಒಮ್ಮೆ ಸ್ವಾಮಿಗಳ ಪಾದುಕೆಯ ಪಕ್ಕದಿಂದ, ಒಂದೊಂದನ್ನೇ ಎತ್ತಿ ನೀರಿಗೆ ಬಿಟ್ಟೆ. ಕೆಲವು ಹೋದವು. ಮೊಟ್ಟೆ ಹೊತ್ತಿದ್ದ ಒಂದು ಹೆಣ್ಣೂ ಹೋಗಿತ್ತು, ಅದನ್ನು ದಾಸವಾಳದ ಬುಡಕ್ಕೆಂದು ಬೇರೆ ತೆಗೆದಿಟ್ಟೆ. ಪಾಚಿಯ ಒಳಗಿದ್ದ ಮರಿಗಳು ಮಾತ್ರ ಏನೂ ಆಗದವರಂತೆ ಮೇಯುತ್ತಿದ್ದವು.

ಪಾದಪೂಜೆ ಆ ಪ್ಲಾಸ್ಟಿಕ್ ಕುರ್ಚಿಯಲ್ಲೇ ಮುಂದುವರಿದು, ಅಲ್ಲೇ ಮುಗಿಯಿತು. ಅಜ್ಜಿ ಪಾದೋದಕವನ್ನು ಕಣ್ಣಿಗೊತ್ತಿಕೊಂಡು ಸ್ವೀಕರಿಸಿದಳು. ಅವಳ ಕೆನ್ನೆಯ ಮೇಲಿದ್ದ ನೀರು ಯಾವುದೆಂದು ಹೇಳುವುದು ಕಷ್ಟವಾಗಿತ್ತು. ಹೊರಡುವಾಗ ಸ್ವಾಮಿಗಳು ಇನ್ನೊಮ್ಮೆ ಬಾನಿಗೆ ಬಗ್ಗಿ ನೋಡಿ ಹೋದರು.

ಬಳಿಕ ಬಂದ ಹಬ್ಬದಲ್ಲಿ ದೊಡ್ಡಮ್ಮ ನಮ್ಮ ಜಗಲಿಗೆ ಬಂದು ಕೂತರು. ಎಲೆಯಡಿಕೆ ಹಾಕಿಕೊಂಡು, ಎಲ್ಲರಿಗೂ ಕೇಳುವಂತೆ, “ಏನೇ ಅನ್ನಿ, ಪೂಜೆ ಅಂದ್ರ ಗದ್ದುಗೆ ಇರ್ಬೇಕು ಕಣಕ್ಕ. ನಮ್ಮನೇಲಿ ಮೂರು ಸಲವೂ ಬುದ್ಧಿಯೋರು ಗದ್ದುಗೆ ಮ್ಯಾಲೇ ಕೂತಿದ್ರು. ಪ್ಲಾಸ್ಟಿಕ್ ಕುರ್ಚೀಲಿ ಕೂರ್ಸದು ಅಂದ್ರ...” ಎಂದರು.

ಅಜ್ಜಿ ಸೀಗಡಿಗಳಿಗೆ ತೆಗೆದಿಟ್ಟ ಸೊಪ್ಪಿನ ಎಲೆಯನ್ನು ಆರಲು ಬಿಟ್ಟು, ನಿಧಾನವಾಗಿ ತಲೆಯೆತ್ತಿದಳು.

“ಕೂತ್ರು, ತೊಳಸ್ಕಂಡ್ರು, ಎದ್ದೋದ್ರು. ನಿಮ್ಮನೇಲಿ ಅಷ್ಟೇಯ. ನಮ್ಮನೇಲಿ ಕಾದ್ರು ಕಣವ್ವ, ಕಾದ್ರು.”